ಕೈಗೆ ಸಿಗದ ಮಟ್ಟು

ಸೋದರತ್ತೆಯ ಮೊಮ್ಮಗಳ ಮದುವೆಯ ವಿಡಿಯೋ ನನ್ನ ಹತ್ತಿರ ಇದೆ. ಅದರಲ್ಲಿ ಅತ್ತೆ ಬಾಯಿ ತೆರೆಯುವುದು ಕಾಣುತ್ತದೆ, ಎದುರು ಕೂತ ತಾಯಲೂರಿನ ಬೀಗತಿಯ ಹುಬ್ಬು ಮೇಲೇರುವುದು ಕಾಣುತ್ತದೆ. ಕೇಳಿಸುವುದು ಮಾತ್ರ ವಿಡಿಯೋದವನು ಉದ್ದಕ್ಕೂ ಅಂಟಿಸಿದ ಕೊಳಲು ಮತ್ತು ಕೀಬೋರ್ಡು. ಧಾರೆಗೂ ಅದೇ, ಊಟಕ್ಕೂ ಅದೇ, ನಮ್ಮ ಮಾವ ಚಪ್ಪಲಿ ಹುಡುಕುವುದಕ್ಕೂ ಅದೇ. ಹೀಗಾಗಿ ಆ ದಿನ ಅವರಿಬ್ಬರು ಏನು ಹಾಡಿದರು ಎಂಬುದಕ್ಕೆ ನನ್ನ ನೆನಪನ್ನೇ ನೆಚ್ಚಬೇಕಾಗಿದೆ. ಅದು ನನಗೆ ಇಷ್ಟವಿಲ್ಲದ ಕೆಲಸ. ನನ್ನ ನೆನಪೂ ಆ ವಿಡಿಯೋದವನ ಜಾತಿಯದೇ. ಎಲ್ಲಿ ಖಾಲಿ ಇದೆಯೋ ಅಲ್ಲಿ ಚೆಂದದ್ದೇನಾದರೂ ತುಂಬಿಬಿಡುತ್ತದೆ. ತುಂಬಿದ್ದು ಎಂದು ಗೊತ್ತಾದ ಕಡೆ ಹೇಳಿಬಿಡುತ್ತೇನೆ. ಗೊತ್ತಾಗದ ಕಡೆ ನಾನೂ ನಿಮ್ಮ ಜೊತೆಯಲ್ಲೇ ಮೋಸ ಹೋಗುತ್ತೇನೆ.

ಶುರುವಾದದ್ದು ಕುರಿಗಳಿಂದ. ಶ್ರೀನಿವಾಸಪುರದ ನನ್ನ ಗೆಳೆಯನೊಬ್ಬ ಮಾವಿನ ಕಾಲದಲ್ಲಿ ಅಪ್ಪನ ಹಣ್ಣಿನ ಮಂಡಿಯಲ್ಲಿ ಕೂರುತ್ತಾನೆ, ಮಿಕ್ಕ ತಿಂಗಳುಗಳಲ್ಲಿ ಫೋನಿಗೆ ಗೇಮ್ ಬರೆಯುತ್ತಾನೆ. ಅವನ ಗೇಮಿನಲ್ಲಿ ಒಂದು ಕೆರೆ, ಕೆರೆ ಏರಿಯ ಮೇಲೆ ಕುರಿಗಳು. ಆಡುವವರು ಕುರಿಗಳನ್ನು ಮೇಯಿಸಿ, ನಾಯಿಯ ಬಾಯಿಗೆ ಬೀಳದಂತೆ ಕಾಪಾಡಿ, ಕತ್ತಲಾಗುವುದರೊಳಗೆ ದೊಡ್ಡಿಗೆ ಹೊಡೆಯಬೇಕು. ಅಷ್ಟೇ ಆಟ. ಕೋಲಾರದಲ್ಲಿದ್ದ ನನಗೆ ಫೋನಿನಲ್ಲಿ ಸದ್ದುಗಳನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುವ ಚಾಳಿ ಇದ್ದುದರಿಂದ ಹಿನ್ನೆಲೆ ಸಂಗೀತದ ಕೆಲಸ ನನ್ನ ತಲೆಗೆ ಬಿತ್ತು.

ಮೊದಲು ಒಂದೇ ಒಂದು ರಾಗ ಕಟ್ಟಿ ಕೊಟ್ಟೆ. ಮುಗಿದರೆ ಮತ್ತೆ ಮೊದಲಿನಿಂದ ಬರುತ್ತಿತ್ತು. ಗೆಳೆಯ ಮನೆಯಲ್ಲಿ ಕೂತು ಗೇಮನ್ನು ಪರೀಕ್ಷೆ ಮಾಡುತ್ತ ಹೋದಂತೆ ಆ ರಾಗ ಅವನ ಹೆಂಡತಿಯ ತಲೆ ಹೊಕ್ಕಿತು. ಆಕೆ ಒಗ್ಗರಣೆ ಹಾಕುವಾಗಲೂ ಅದನ್ನೇ ಗುನುಗುತ್ತಿದ್ದರಂತೆ, ಹಲ್ಲುಜ್ಜುವಾಗಲೂ ಅದೇ. ಕೊನೆಗೆ ಆ ಕುರಿಗಳನ್ನು ಮನೆಯಿಂದ ಹೊರಗೆ ಹಾಕದಿದ್ದರೆ ತಾನು ತವರಿಗೆ ಹೋಗುತ್ತೇನೆ ಎಂದರಂತೆ. ಗೆಳೆಯ ಹೇಳಿದ್ದು ಹೀಗೆ. ಅವನ ಹೆಂಡತಿಯನ್ನು ಕೇಳಿದರೆ ತವರಿನ ಮಾತೇ ಬಂದಿಲ್ಲ ಎನ್ನುತ್ತಾರೆ.

ಎರಡನೆಯ ಸಲ ನಾನು ರಾಗವನ್ನೇ ಕಟ್ಟಲಿಲ್ಲ. ಏಕತಾರಿ, ಕೊಳಲು, ಗೆಜ್ಜೆ, ತಮಟೆಗಳ ಚೂರುಗಳನ್ನಷ್ಟೇ ಕೊಟ್ಟೆ. ಯಾವ ಚೂರಿನ ಬೆನ್ನಿಗೆ ಯಾವುದು ಬರಬೇಕು ಎಂದು ಫೋನೇ ಆಗಿಂದಾಗಲೇ ಚೀಟಿ ಎತ್ತಿ ಜೋಡಿಸುತ್ತದೆ. ಒಮ್ಮೆ ಬಂದ ರಾಗ ಮತ್ತೆ ಬರುವುದಿಲ್ಲ. ಜೊತೆಗೆ, ಸಂಗೀತ ಆಟದ ಮೇಲೆ ಕಣ್ಣಿಟ್ಟಿರುತ್ತದೆ. ಕುರಿಗಳು ಸುಮ್ಮನೆ ಮೇಯುತ್ತಿದ್ದರೆ ಏಕತಾರಿ, ಕೊಳಲು ಮಾತ್ರ. ಒಂದು ಕುರಿ ದಾರಿ ತಪ್ಪಿದರೆ ಗೆಜ್ಜೆ ಸೇರಿಕೊಳ್ಳುತ್ತದೆ. ನಾಯಿ ಬಂತೋ, ತಮಟೆ. ಆ ತಮಟೆಯನ್ನು ಮುಳಬಾಗಿಲಿನಲ್ಲಿ ಒಂದು ಮೆರವಣಿಗೆಯ ಹಿಂದೆ ನಡೆದು ಫೋನಿನಲ್ಲಿ ಹಿಡಿದುಕೊಂಡು ಬಂದಿದ್ದೆ. ನಡುವೆ ಯಾರೋ ಕೆಮ್ಮಿದ್ದರು, ಅದನ್ನು ತೆಗೆಯಲು ನನ್ನಿಂದಾಗಲಿಲ್ಲ. ಆದ್ದರಿಂದ ಇವತ್ತಿಗೂ ಆ ಗೇಮಿನಲ್ಲಿ ನಾಯಿ ಬಂದಾಗಲೆಲ್ಲ ಯಾರೋ ಒಬ್ಬರು ಕೆಮ್ಮುತ್ತಾರೆ.

ಮುಳಬಾಗಿಲಿನ ಹೊರಗೆ, ರಸ್ತೆಯ ಪಕ್ಕದಲ್ಲೇ ನನ್ನ ಸೋದರತ್ತೆಯ ಮನೆ. ಹಿಂದೆ ಟೊಮ್ಯಾಟೊ ಹೊಲ, ಮುಂದೆ ಜಗುಲಿ. ಗೇಮು ಮುಗಿದ ಹೊಸತರಲ್ಲಿ ನಾನೂ ಅಮ್ಮನೂ ಅಲ್ಲಿಗೆ ಹೋದಾಗ ಅತ್ತೆ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತ ಕೂತಿದ್ದಳು. ನಾನು ಹೆಮ್ಮೆಯಿಂದ ಫೋನನ್ನು ಅವಳ ಕೈಗೆ ಕೊಡಲು ಹೋದೆ. ಅವಳ ಬೆರಳೆಲ್ಲ ಹುಳಿಯಾಗಿದ್ದರಿಂದ ಫೋನನ್ನು ಕಿಟಕಿಯಲ್ಲಿ ಒರಗಿಸಿಟ್ಟೆವು. ಕುರಿಗಳು ತಮ್ಮಷ್ಟಕ್ಕೆ ಮೇಯುತ್ತಿದ್ದವು. ಇದು ನನಗೆ ನೆನಪಿರುವಂತೆ. ಅಮ್ಮನ ಪ್ರಕಾರ ಅದು ಹುಣಸೆಯಲ್ಲ, ಅವರೆಕಾಯಿ. ಅವರೆಕಾಯಿಯಾಗಿದ್ದರೆ ಮುಂದಿನ ಕಥೆಯೇ ನಡೆಯುವಂತಿಲ್ಲ, ಆದ್ದರಿಂದ ಹುಣಸೆಯನ್ನೇ ಉಳಿಸಿಕೊಳ್ಳುತ್ತೇನೆ.

ಅತ್ತೆಗೆ ಕುರಿ ಬೇಡವಾಗಿತ್ತು. ಅವಳು ಕಿವಿಯನ್ನಷ್ಟೇ ಕೊಟ್ಟಿದ್ದಳು. ನಾಯಿ ಬಂತು, ತಮಟೆ ಶುರುವಾಯಿತು, ಯಾರೋ ಕೆಮ್ಮಿದರು. ನಾನು ಕುರಿಗಳನ್ನು ಅಟ್ಟಲು ಕೈ ಚಾಚಿದರೆ ಅತ್ತೆ ನನ್ನ ಕೈ ಮೇಲೆ ಹೊಡೆದಳು. ನಾಯಿ ಇದ್ದಷ್ಟು ಹೊತ್ತು ತಮಟೆ ಇರುತ್ತದೆ ಎಂದು ಅವಳಿಗೆ ಆಗಲೇ ತಿಳಿದುಹೋಗಿತ್ತು. ತಮಟೆ ಕೇಳುವುದಕ್ಕಾಗಿ ಮಂದೆಗೆ ಮಂದೆಯನ್ನೇ ನಾಯಿಗೆ ತಿನ್ನಿಸಿದಳು. ಆಮೇಲೆ ಕೆರೆ ಏರಿ ಖಾಲಿಯಾಗಿ ಏಕತಾರಿ ಮತ್ತು ಕೊಳಲು ಮಾತ್ರ ಉಳಿದಾಗ ಅವಳು ಆ ರಾಗದ ಜೊತೆ ಗುನುಗಲು ಹೋದಳು. ರಾಗ ಬೇರೆ ಕಡೆ ತಿರುಗಿತು. ಮತ್ತೆ ಹಿಡಿಯಲು ಹೋದಳು. ಮತ್ತೆ ತಿರುಗಿತು. ಅತ್ತೆ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟಳು.

"ಲೇ, ಇದು ಕೈಗೆ ಸಿಗಲ್ಲ ಕಣೋ. ಇನ್ನೊಂದ್ಸಲ ಹಾಕು."

"ಆಗಲ್ಲ ಅತ್ತೆ. ಅದು ಹೋಯ್ತು."

"ಎಲ್ಲಿಗ್ ಹೋಯ್ತು? ಕಟ್ಟಿದೋನು ನೀನೇ ಅಲ್ವೇನ್ಲಾ?"

ನಾನು ಕಟ್ಟಿಲ್ಲ, ಯಾರೂ ಕಟ್ಟಿಲ್ಲ, ಫೋನು ಚೀಟಿ ಎತ್ತುತ್ತದೆ ಎಂದು ವಿವರಿಸಿದೆ. ಎತ್ತಿದ ಚೀಟಿಯನ್ನು ಅದು ನೆನಪಿಟ್ಟುಕೊಳ್ಳುವುದಿಲ್ಲವೆ ಎಂದು ಕೇಳಿದಳು. ಇಲ್ಲ ಎಂದೆ. "ನಿಮ್ಮ ಮಾವನ ಥರ," ಎಂದಳು. ಆದರೆ ಅವಳ ಮುಖದಲ್ಲಿ ಬೇಜಾರಿರಲಿಲ್ಲ. ಕಳೆದುಹೋದ ಬೀಗದ ಕೈ ಸಿಕ್ಕಿದವರ ಮುಖ ಹೇಗಿರುತ್ತದೋ ಹಾಗಿತ್ತು.

ಅದಕ್ಕೆ ಕಾರಣ ಬೈರಕೂರು. ನಮ್ಮ ಕಡೆ ಮದುವೆಗಳಲ್ಲಿ ಧಾರೆಯಾದ ಮೇಲೆ ಹುಡುಗ ಹುಡುಗಿಯನ್ನು ಹಸೆಯ ಮೇಲೆ ಕೂರಿಸಿ ಎರಡೂ ಕಡೆಯ ಹೆಂಗಸರು ಬೀಗರ ಪದ ಹೇಳುತ್ತಾರೆ. ಹಾಡೆಂದರೆ ಹಾಡಿನಲ್ಲಿ ಬೈಯುವುದು. ಒಂದು ಕಡೆಯವರು ಎರಡು ಸಾಲು ಹೇಳಿ ಎದುರಿನವರ ಮಾನ ಕಳೆಯಬೇಕು. ಎದುರಿನವರು ಅದೇ ಮಟ್ಟಿನಲ್ಲಿ ಎರಡು ಸಾಲು ಕಟ್ಟಿ ತಿರುಗಿಸಿ ಕೊಡಬೇಕು. ಮಟ್ಟು ತಪ್ಪಿದರೆ, ಇಲ್ಲವೇ ಬಾಯಿ ಕಟ್ಟಿದರೆ ಸೋತಂತೆ. ಅತ್ತೆ ಈ ಕೆಲಸದಲ್ಲಿ ಗಟ್ಟಿಗಿತ್ತಿ. ಬೈರಕೂರಿನಲ್ಲಿ ನಮ್ಮ ನೆಂಟರ ಹುಡುಗಿಯ ಮದುವೆಯಾದಾಗ ಅವಳು ಆಂಧ್ರದ ಕಡೆಯಿಂದ ಹೊಸ ಮಟ್ಟೊಂದನ್ನು ಕಲಿತು ಬಂದು, ಗಂಡಿನ ಕಡೆಯವರು ಬಸ್ಸಿನಲ್ಲಿ ಬಂದದ್ದನ್ನು ಹಿಡಿದು ಹೇಳಿದ್ದಳು:

ಬಸ್ಸಿನ ಕಿಟಕೀಲಿ ಟವಲು ಹಾಕಿ
ಸೀಟು ಹಿಡಿದೋರು ನಮ್ಮ ಬೀಗರು

ಗಂಡಿನ ಕಡೆಯಿಂದ ಬಂದಿದ್ದ ತಾಯಲೂರಿನ ಹೆಂಗಸೊಬ್ಬರು ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಅದನ್ನು ಒಂದೇ ಸಲ ಕೇಳಿಸಿಕೊಂಡರು. ಕಣ್ಣು ತೆರೆದವರೇ ಅದೇ ಮಟ್ಟಿನಲ್ಲಿ, ಒಂದು ಎಳೆಯೂ ತಪ್ಪದೆ:

ಟವಲು ತಂದಿದ್ದು ಸೀಟಿಗಲ್ಲಮ್ಮ
ನಿಮ್ಮ ಪಾಯಸದಲ್ಲಿ ಶಾವಿಗೆ ಸೋಸೋಕೆ

ಪಾಯಸ ನಿಜವಾಗಿಯೂ ನೀರಾಗಿತ್ತು. ಛತ್ರವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಮಾವ. ಅತ್ತೆಗೆ ಮುಂದಿನ ಸಾಲು ಹೊಳೆಯಲೇ ಇಲ್ಲ. ಮಾವನ ನಗುವನ್ನು ಅವಳು ಮರೆತಿಲ್ಲ. ಆಮೇಲೆ ಮನೆಯಲ್ಲಿ ಬಹಳ ದಿನ ಪಾಯಸವನ್ನೇ ಮಾಡಲಿಲ್ಲ.

ಈಗ ಅತ್ತೆಯ ಸ್ವಂತ ಮೊಮ್ಮಗಳಿಗೆ ಗಂಡು ಗೊತ್ತಾಗಿತ್ತು, ತಾಯಲೂರಿನ ಹುಡುಗ. ಹುಡುಗನ ದೊಡ್ಡಮ್ಮ ಯಾರು ಎಂದು ವಿಚಾರಿಸಿದರೆ, ಅದೇ ಹೆಂಗಸು. ಸಂಬಂಧ ಒಳ್ಳೆಯದು, ಬಿಡುವಂತಿರಲಿಲ್ಲ. ಅತ್ತೆ ಅಮ್ಮನ ಮುಂದೆ ಗಂಭೀರವಾಗಿ ಹೇಳಿದ್ದಳು: ಈ ಸಲವೂ ಆಕೆಗೆ ಸೋತರೆ ಇನ್ನು ಯಾವ ಮದುವೆಯಲ್ಲೂ ತಾನು ಬಾಯಿ ತೆಗೆಯುವುದಿಲ್ಲ. ಅತ್ತೆ ಬಾಯಿ ತೆಗೆಯದ ಮದುವೆಯನ್ನು ನಮ್ಮ ಮನೆಯಲ್ಲಿ ಯಾರೂ ಊಹಿಸಿಕೊಂಡಿರಲಿಲ್ಲ. ಅವಳೂ ಊಹಿಸಿಕೊಂಡಿರಲಿಲ್ಲ ಎಂದು ಕಾಣುತ್ತದೆ, ಯಾಕೆಂದರೆ ಆ ಮಾತು ಹೇಳಿದಂದು ಅವಳು ಊಟ ಮಾಡಲಿಲ್ಲ.

ಒಂದೇ ಸಲ ಕೇಳಿ ಹಿಡಿಯುವವಳನ್ನು ಸೋಲಿಸಲು, ಒಂದೇ ಸಲ ಕೇಳಿ ಹಿಡಿಯಲಾಗದ ಮಟ್ಟು ಬೇಕಿತ್ತು. ಅದು ಕಿಟಕಿಯಲ್ಲಿ ಸಿಕ್ಕಿತ್ತು, ಸಿಕ್ಕಿದ ಹಾಗೆಯೇ ಹೋಗಿತ್ತು.

ಮೊದಲಿಗೆ ನಾವು ಅದನ್ನು ಹಿಡಿದು ತರಲು ನೋಡಿದೆವು. ಗೇಮನ್ನು ಮತ್ತೆ ಮತ್ತೆ ಶುರು ಮಾಡಿ, ಅದೇ ಕೆರೆಯ ಅದೇ ಮೂಲೆಯಲ್ಲಿ ಕುರಿಗಳನ್ನು ನಿಲ್ಲಿಸಿ ಕಾದೆವು. ಪ್ರತಿ ಸಲವೂ ಬೇರೆಯದೇ ಬಂತು. ಇದೇ ಅದು ಎಂದು ಅತ್ತೆ ಹೇಳಿದರೆ, ಅಲ್ಲ ಎಂದು ಅಮ್ಮ ಹೇಳುತ್ತಿದ್ದಳು. ನಾನು ಗುನುಗಿದ್ದು ಅವರಿಬ್ಬರದಕ್ಕೂ ಹೊಂದಲಿಲ್ಲ. ಅತ್ತೆ ಕೇಳಿದ್ದು ಎಂದು ಹೇಳುತ್ತಿದ್ದದ್ದೂ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಮೂರೂ ಜನ ಒಂದೇ ಜಗುಲಿಯಲ್ಲಿ ಕೂತು ಕೇಳಿದ ರಾಗ, ಮೂರು ಬಾಯಿಗಳಲ್ಲಿ ಮೂರಾಗಿತ್ತು. ನನಗಂತೂ ಒಳಗೊಳಗೇ ಖುಷಿಯಾಯಿತು. ನೆನಪು ಮೋಸ ಮಾಡುವುದಕ್ಕೆ ಹೀಗೆ ಸಾಕ್ಷಿ ಸಿಗುವುದು ಅಪರೂಪ.

ಮರುದಿನ ಅತ್ತೆ ದಾರಿ ಬದಲಿಸಿದಳು. ಅವಳ ಮಾತನ್ನು ನಾನು ಸರಿಯಾಗಿಯೇ ನೆನಪಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದೇನೆ: "ಅದು ಬೇಡ ಬಿಡೋ. ಅದ್ ಮಾಡೋ ಕೆಲ್ಸ ನಾನೇ ಮಾಡ್ತೀನಿ."

ಅತ್ತೆಯ ಬಳಿ ಚೂರುಗಳಿಗೆ ಬರವಿರಲಿಲ್ಲ. ಹೊಟ್ಟೆಯೊಳಗೆ ಅದೆಷ್ಟು ಮಟ್ಟುಗಳಿದ್ದವೋ. ಪ್ರತಿಯೊಂದರ ತಲೆಯನ್ನೂ ಬಾಲವನ್ನೂ ಬೇರೆ ಮಾಡಿದಳು. ಚೀಟಿ ಎತ್ತಲು ಹುಣಸೆ ಬೀಜ. ಚೌಕಾಬಾರ ಆಡಲು ಮಾಡುವ ಹಾಗೆ ನಾಲ್ಕು ಬೀಜಗಳ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದಳು. ಮೊದಲ ಸಾಲಿಗೆ ಮನಸ್ಸಿಗೆ ಬಂದ ತಲೆ. ಎರಡನೆಯ ಸಾಲಿಗೆ ಬೀಜ ಹಾಕುವುದು. ಒಂದು ಬಿಳಿ ಬಿದ್ದರೆ ಲಾಲಿಯ ಬಾಲ, ಎರಡು ಬಿದ್ದರೆ ಆರತಿ ಪದದ್ದು, ಮೂರಕ್ಕೆ ರಾಗಿ ಬೀಸುವ ಪದದ್ದು, ನಾಲ್ಕಕ್ಕೆ ಭಜನೆಯದು, ಎಲ್ಲವೂ ಕಪ್ಪಾದರೆ ಅವಳಮ್ಮ ಕಳೆ ಕೀಳುವಾಗ ಹೇಳುತ್ತಿದ್ದ ತೆಲುಗು ಪದದ ಬಾಲ. ನನ್ನ ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ತಾನು ಅಷ್ಟು ದಿನ ಕೂತು ಬರೆದದ್ದೂ ಹೆಚ್ಚುಕಮ್ಮಿ ಅದೇ ಎಂದ. ಬೀಜಗಳಿಗೆ ಚಾರ್ಜ್ ಹಾಕಬೇಕಿಲ್ಲ ಎಂದೂ ಸೇರಿಸಿದ.

ತೊಂದರೆಯಾದದ್ದು ಹಿಂದೆ ಹಾಡುವವರಿಗೆ. ಅತ್ತೆಯ ಎರಡನೆಯ ಸಾಲಿಗೆ ಅಮ್ಮ ಮತ್ತು ಪಕ್ಕದ ಮನೆಯ ಅಕ್ಕ ದನಿ ಸೇರಿಸಬೇಕು, ಅದು ರೂಢಿ. ಆದರೆ ಸಾಲು ಎಲ್ಲಿಗೆ ಹೋಗುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಅಮ್ಮ ಲಾಲಿಗೆ ಹೋದರೆ ಅಕ್ಕ ಭಜನೆಗೆ ಹೋಗುತ್ತಿದ್ದರು. ಒಮ್ಮೆ ಮೂವರೂ ಮೂರು ಕಡೆ ಹೋಗಿ, ಹೊಲದಲ್ಲಿದ್ದ ಮಾವ ಏನಾಯಿತೋ ಎಂದು ಓಡಿ ಬಂದರು. ಕೊನೆಗೆ ಅತ್ತೆ, ಇವರಿಬ್ಬರೂ ಏನೂ ಹಾಡುವುದು ಬೇಡ, ಏಕತಾರಿಯ ಹಾಗೆ "ಸೋ" ಎಂದು ಎಳೆಯುತ್ತಿದ್ದರೆ ಸಾಕು ಎಂದು ತೀರ್ಮಾನಿಸಿದಳು. ಅಮ್ಮನಿಗೆ ಅದು ಚೆನ್ನಾಗಿ ಬಂತು. ನಿಲ್ಲಿಸುವುದು ಬರಲಿಲ್ಲ.

ಮದುವೆ ಮುಳಬಾಗಿಲಿನ ಛತ್ರದಲ್ಲಿ. ಧಾರೆ ಮುಗಿಯಿತು, ಹಸೆಗೆ ಕೂರಿಸಿದರು. ಅತ್ತೆ ಮಡಿಲಲ್ಲಿ ಒಂದು ಸ್ಟೀಲ್ ತಟ್ಟೆ ಇಟ್ಟುಕೊಂಡು, ಮೇಲೆ ಸೆರಗು ಮುಚ್ಚಿ ಕೂತಳು. ಎದುರಿಗೆ ತಾಯಲೂರಿನ ಬೀಗತಿ, ಅವರ ಹಿಂದೆ ಐದಾರು ಹೆಂಗಸರು. ಬೀಗತಿ ನಗುನಗುತ್ತಲೇ ಕಣ್ಣು ಮುಚ್ಚಿ ತೊಡೆಯ ಮೇಲೆ ಕೈ ಇಟ್ಟುಕೊಂಡು ಸಿದ್ಧರಾದರು. ಅಮ್ಮ "ಸೋ" ಎಂದು ಶುರು ಮಾಡಿದಳು. ಅತ್ತೆ ಮೊದಲ ಸಾಲು ಹೇಳಿ, ತಟ್ಟೆಯಲ್ಲಿ ಟಣಟಣ ಎಂದು ಬೀಜ ಹಾಕಿ, ಸೆರಗೆತ್ತಿ ಇಣುಕಿ, ಎರಡನೆಯ ಸಾಲನ್ನು ಲಾಲಿಯೊಳಕ್ಕೆ ಇಳಿಸಿದಳು.

ತಾಳಿ ಕಟ್ಟೋವಾಗ ಹುಡುಗಿ ಮುಖ ನೋಡ್ಲಿಲ್ಲ
ಕ್ಯಾಮೆರಾದೋನ್ನ ನೋಡಿ ನಕ್ಕನಮ್ಮ ನಿಮ್ಮ ಮಗ

ಒಳ್ಳೆಯ ಪದ. ಹುಡುಗ ನಿಜವಾಗಿಯೂ ಹಾಗೆಯೇ ಮಾಡಿದ್ದ. ಬೀಗತಿ ಮೊದಲ ಸಾಲನ್ನು ಸರಿಯಾಗಿ ಎತ್ತಿಕೊಂಡರು, ಎರಡನೆಯದರಲ್ಲಿ ಎಡವಿ ನಿಂತರು. ಅತ್ತೆ ಎರಡನೆಯ ಪದ ಹೇಳಿದಳು. ಈ ಸಲ ಭಜನೆಯ ಬಾಲ. ಬೀಗತಿ ಕಣ್ಣು ತೆರೆದರು. ಮೂರನೆಯದಕ್ಕೆ ತೊಡೆಯ ಮೇಲಿನ ತಾಳವೂ ನಿಂತಿತು. ನಾನು ಒಳಗೇ ಕುಣಿಯುತ್ತಿದ್ದೆ. ನನ್ನ ಮಂದೆ ಗೆದ್ದಿತ್ತು.

ಆದರೆ ಯಾರೂ ನಗಲಿಲ್ಲ. ಇದು ನನಗೆ ತಡವಾಗಿ ಹೊಳೆಯಿತು. ರಾಗ ಎಲ್ಲಿಗೆ ಹೋಗುತ್ತದೆ ಎಂದು ನೋಡುವುದರಲ್ಲಿ ಜನಕ್ಕೆ ಪದ ಕೇಳಿಸಿರಲೇ ಇಲ್ಲ. ಬೀಗತಿಯ ಹಿಂದಿದ್ದ ಹೆಂಗಸರಲ್ಲಿ ಇಬ್ಬರು ಫೋನು ತೆಗೆದರು. ಒಬ್ಬರು ಎದ್ದು ಊಟದ ಪಂಕ್ತಿಗೆ ಜಾಗ ಹಿಡಿಯಲು ಹೋದರು. ಕುರ್ಚಿಗಳು ಕರಕರ ಎನ್ನತೊಡಗಿದವು. ಹುಡುಗ ಹುಡುಗಿ ಇಬ್ಬರೂ ಫ್ಯಾನು ನೋಡುತ್ತಿದ್ದರು. ಅಮ್ಮನ "ಸೋ" ಮಾತ್ರ ಛತ್ರದ ತುಂಬ.

ಆಗ ಬೀಗತಿ, ಹಾಡಿನಲ್ಲಲ್ಲ, ಬರಿಯ ತೆಲುಗು ಮಾತಿನಲ್ಲಿ, ಹತ್ತಿರ ಕೂತ ನಮಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಕೇಳಿದರು:

"ವದಿನಾ, ನೇನೆಕ್ಕಡ ಚೇರೇದಿ?"

ಅತ್ತಿಗೆ, ನಾನೆಲ್ಲಿ ಸೇರಿಕೊಳ್ಳಲಿ, ಎಂದು. ಅದರಲ್ಲಿ ಕೊಂಕಿರಲಿಲ್ಲ. ಬಸ್ಸಿನ ಬಾಗಿಲಲ್ಲಿ ನಿಂತವರು ಕೇಳುವ ಹಾಗಿತ್ತು.

ನಿಯಮದ ಪ್ರಕಾರ ಅತ್ತೆ ಗೆದ್ದಾಗಿತ್ತು. ಎದ್ದು ಆರತಿ ತಟ್ಟೆ ತೆಗೆದುಕೊಂಡರೆ ಮುಗಿಯಿತು. ಅಮ್ಮ "ಸೋ" ಎನ್ನುತ್ತಲೇ ಮೊಣಕೈಯಿಂದ ಅವಳನ್ನು ತಿವಿದಳು. ಅತ್ತೆ ಬೀಗತಿಯ ಮುಖ ನೋಡಿದಳು, ಖಾಲಿಯಾಗುತ್ತಿದ್ದ ಕುರ್ಚಿಗಳನ್ನು ನೋಡಿದಳು. ಇಲ್ಲಿ ನನ್ನ ನೆನಪು ಅವಳ ಕಣ್ಣಲ್ಲಿ ನೀರು ತುಂಬಲು ಬಹಳ ಆಸೆಪಡುತ್ತದೆ. ನೀರಿರಲಿಲ್ಲ. ಅವಳು ಬೀಜಗಳನ್ನು ಸೆರಗಿನ ತುದಿಗೆ ಕಟ್ಟಿದಳು, ಗಂಟಲು ಸರಿಮಾಡಿಕೊಂಡಳು, ಬೈರಕೂರಿನಲ್ಲಿ ಸೋತಿದ್ದಳಲ್ಲ, ಆ ಮಟ್ಟನ್ನೇ ಎತ್ತಿದಳು. ಅದು ಬೀಗತಿಗೆ ಚೆನ್ನಾಗಿ ಗೊತ್ತಿರುವ ಮಟ್ಟು ಎಂದು ಅವಳಿಗಿಂತ ಹೆಚ್ಚಾಗಿ ಯಾರಿಗೂ ಗೊತ್ತಿರಲಿಲ್ಲ.

ತಾಯಲೂರು ಬೀಗತಿ ಬಾಯಿಗೆ ಬೀಗ
ಬೀಗದ ಕೈ ನನ್ನ ಸೆರಗಲ್ಲೈತೆ

ಬೀಗತಿ ಉಸಿರು ಕೂಡ ತೆಗೆದುಕೊಳ್ಳಲಿಲ್ಲ.

ಸೆರಗಿನ ಗಂಟು ಬಿಚ್ಚಿ ತೋರ್ಸಮ್ಮ
ಕದ್ದ ಅಡಿಕೆ ಹೋಳು ಕಾಣ್ತಾ ಐತೆ

ಅವರ ಕಡೆಯ ಹೆಂಗಸರೆಲ್ಲ ಎರಡನೆಯ ಸಾಲನ್ನು ಒಟ್ಟಿಗೆ ಎತ್ತಿಕೊಂಡರು. ಫೋನುಗಳು ಬ್ಯಾಗಿಗೆ ಹೋದವು. ಯಾರೋ ಅತ್ತೆಯ ಸೆರಗನ್ನು ಹಿಡಿದು ಗಂಟು ಬಿಚ್ಚಿಯೇಬಿಟ್ಟರು, ಹುಣಸೆ ಬೀಜಗಳು ನೆಲಕ್ಕೆ ಬಿದ್ದವು. ಅಡಿಕೆ ಕೊಳ್ಳಲೂ ಗತಿಯಿಲ್ಲದೆ ಹುಣಸೆ ಬೀಜ ಅಗಿಯುವ ಬೀಗರು ಎಂದು ಬೀಗತಿ ಆಗಲೇ ಮುಂದಿನ ಪದ ಕಟ್ಟಿದ್ದರು. ಜಗಳವೆಂದುಕೊಂಡು ಊಟದ ಸಾಲಿನಿಂದ ಜನ ಓಡಿ ಬಂದರು. ಜಗಳವಲ್ಲ ಎಂದು ತಿಳಿದ ಮೇಲೂ ಹೋಗಲಿಲ್ಲ. ಮಾವ ಕುರ್ಚಿಯ ಕೈ ಹಿಡಿದುಕೊಂಡು ನಗುತ್ತಿದ್ದರು. ಅತ್ತೆ ಅವರತ್ತ ಒಮ್ಮೆ ನೋಡಿ, ಅವರ ಹೊಟ್ಟೆಯ ಮೇಲೆಯೇ ಒಂದು ಪದ ಕಟ್ಟಿ ಹೇಳಿದಳು. ಅದು ಆಟದ ನಿಯಮಕ್ಕೆ ವಿರುದ್ಧ, ಸ್ವಂತ ಕಡೆಯವರನ್ನು ಬೈಯುವಂತಿಲ್ಲ. ಯಾರೂ ಆಕ್ಷೇಪಿಸಲಿಲ್ಲ.

ಅಡಿಗೆಯವರು ಬಂದು ಎರಡು ಸಲ ಕರೆದು ಹೋದರು. ಪದಗಳು ನಿಲ್ಲಲಿಲ್ಲ, ನಡೆಯುತ್ತ ನಡೆಯುತ್ತ ಊಟದ ಹಾಲಿಗೆ ಬಂದವು. ಕೊನೆಯ ಪಂಕ್ತಿಯಲ್ಲಿ ಬೀಗತಿ ಎಲೆಯ ಮುಂದೆ ಕೂತರು. ಅತ್ತೆ ಕೂರದೆ, ತಾನೇ ಒಬ್ಬಟ್ಟಿನ ತಟ್ಟೆ ಹಿಡಿದು ಬಡಿಸಲು ನಿಂತಳು. ಅಮ್ಮ ಹಿಂದಿನಿಂದ ಅವಳ ಕಿವಿಯಲ್ಲಿ, ಸೋತರೆ ಬಾಯಿ ತೆಗೆಯುವುದಿಲ್ಲ ಎಂದಿದ್ದೆಯಲ್ಲ ಎಂದು ನೆನಪಿಸಿದಳು.

"ಎಲ್ಲಿ ಸೋತೆ? ಮುಗಿದ್ರೆ ತಾನೇ ಕಣೇ ಸೋಲೋದು," ಎಂದಳು ಅತ್ತೆ.

ಬೀಗತಿಯ ಎಲೆಗೆ ಒಬ್ಬಟ್ಟು ಹಾಕಿ, ಮೇಲೆ ತುಪ್ಪ ಸುರಿದು, ಅವರು ದೊಡ್ಡ ತುತ್ತೊಂದನ್ನು ಬಾಯಿಗಿಟ್ಟುಕೊಂಡ ಸಮಯ ನೋಡಿ ಅತ್ತೆ ಹೊಸ ಪದವೊಂದನ್ನು ಹೇಳಿದಳು. ತಾಯಲೂರಿನಲ್ಲಿ ಒಬ್ಬಟ್ಟಿಗೆ ಹೂರಣವನ್ನು ಪಕ್ಕದ ಮನೆಯಿಂದ ಕಡ ತರುತ್ತಾರೆ ಎಂಬರ್ಥದ್ದು. ಸಾಲುಗಳು ನನಗೆ ನೆನಪಿಲ್ಲ, ಕಟ್ಟಿ ಹಾಕುವುದೂ ಬೇಡ. ಬೀಗತಿಯ ಕೆನ್ನೆ ಎರಡೂ ಕಡೆ ಉಬ್ಬಿತ್ತು. ಅವರಿಗೆ ನುಂಗಲೂ ಆಗುತ್ತಿಲ್ಲ, ಉತ್ತರ ಬಾಯಿಗೆ ಬಂದು ಕೂತಿದೆ. ಅವರು ಎಡಗೈ ಎತ್ತಿ, ತಾಳು ಎಂದು ಸನ್ನೆ ಮಾಡಿದರು. ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲರ ಕೈಗಳೂ ಎಲೆಯ ಮೇಲೆಯೇ ನಿಂತವು. ಸಾಂಬಾರಿನ ಬಕೆಟ್ ಹಿಡಿದವರೂ ನಿಂತರು.

ಅತ್ತೆ ತಟ್ಟೆಯನ್ನು ಸೊಂಟಕ್ಕೆ ಒರಗಿಸಿಕೊಂಡು, ಅವರು ನುಂಗುವುದನ್ನೇ ನೋಡುತ್ತ ಕಾದಳು.